ಬೆನ್ನಿಗೊಂದು ದಿಂಬು

ನೆತ್ತಿಯ ಮೇಲೆ ಬಿಸಿಲು ಕಾಯುತ್ತಿದ್ದರೂ ವರ್ಲಿನ್ ಬೈಕ್ ಓಟದ ಚರ್ಮದ ಸೂಟು ಬಿಚ್ಚಲು ಒಪ್ಪಲಿಲ್ಲ. ಉಳಿದವರೆಲ್ಲ ಓಟ ಮುಗಿಸಿ ಹೆಲ್ಮೆಟ್ ತೆಗೆದದ್ದೇ ತಡ, ಜಿಪ್ಪನ್ನು ಸೊಂಟದವರೆಗೆ ಇಳಿಸಿ, ತೋಳುಗಳನ್ನು ಹಿಂದೆ ಜೋತುಬಿಟ್ಟು ಐಸ್ ಪೆಟ್ಟಿಗೆಗೆ ಕೈ ಹಾಕುತ್ತಾರೆ. ಇವನು ಮಾತ್ರ ಕತ್ತಿನವರೆಗೂ ಜಿಪ್ಪು ಎಳೆದುಕೊಂಡು, ಬೈಕಿನ ಪಕ್ಕದ ಮಡಚು ಕುರ್ಚಿಯಲ್ಲಿ ಬೆನ್ನು ಆನಿಸದೆ ಕುಳಿತಿದ್ದ. ಬೆವರು ಗದ್ದದಿಂದ ಉಪ್ಪಿನ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಬಿಚ್ಚೋ ಮಾರಾಯ, ಬೆಂದುಹೋಗ್ತೀಯ," ಎಂದಳು ಬರ್ನೀಸ್. ಅವಳು ಈ ಓಟ ನಡೆಸುವ ಕ್ಲಬ್ಬಿನ ತಪಾಸಣೆಯ ಹೆಂಗಸು. ತಲೆಗೆ ಹುಲ್ಲಿನ ಟೋಪಿ, ಗದ್ದದ ಅಡಿಗೂ ಮೂಗಿನ ಹೊಳ್ಳೆಗೂ ಬಿಳಿ ಕ್ರೀಮು. ಈ ಉಪ್ಪಿನ ಬಯಲಿನಲ್ಲಿ ಬಿಸಿಲು ಮೇಲಿನಿಂದ ಬೀಳುವುದಕ್ಕಿಂತ ಹೆಚ್ಚಾಗಿ ಕೆಳಗಿನಿಂದ ಏಳುತ್ತದೆ. ಚಡ್ಡಿ ಹಾಕಿಕೊಂಡು ಬಂದ ಹೊಸಬರು ತೊಡೆಯ ಒಳಭಾಗ ಸುಟ್ಟುಕೊಂಡು, ಕಾಲಗಲಿಸಿ ನಡೆಯುತ್ತ ಊರಿಗೆ ಮರಳುತ್ತಾರೆ.

"ಥಟ್ಟಂತ ಬಿಚ್ಚಿದ್ರೆ ನೆಗಡಿ ಆಗುತ್ತೆ ನಂಗೆ," ಎಂದ ವರ್ಲಿನ್.

"ಆಗಸ್ಟಲ್ಲಿ, ಯೂಟಾದಲ್ಲಿ, ನೆಗಡಿ!" ಬರ್ನೀಸ್ ನಕ್ಕು ಬೈಕಿನ ಎಂಜಿನ್ನಿಗೆ ಸೀಲು ಅಂಟಿಸಲು ಬಾಗಿದಳು.

ಅರ್ಧ ಗಂಟೆ ಹಿಂದಷ್ಟೇ ಬಯಲಿನ ಎಲ್ಲ ಟ್ರಕ್ಕುಗಳ ರೇಡಿಯೋದಲ್ಲೂ ಅವನ ಹೆಸರು ಕೇಳಿಬಂದಿತ್ತು. ವರ್ಲಿನ್ ಹ್ಯಾಸ್ಕೆಟ್, ಪೊಕಟೆಲೊ, ಐಡಹೊ. ಸಾವಿರ ಸಿಸಿ ವರ್ಗ. ಗಂಟೆಗೆ ಇನ್ನೂರ ಏಳು ಮೈಲಿ. ಎಲೋಯ್ ಟಾಫೋಯಾನ ದಾಖಲೆ ಹನ್ನೊಂದು ವರ್ಷದಿಂದ ಇನ್ನೂರ ನಾಲ್ಕರಲ್ಲಿ ನಿಂತಿತ್ತು. ಬಯಲಿನ ಉದ್ದಕ್ಕೂ ಹಾರ್ನುಗಳು ಕೂಗಿದವು. ಆದರೆ ಇಲ್ಲಿ ಒಂದೇ ಓಟಕ್ಕೆ ದಾಖಲೆ ಕೊಡುವುದಿಲ್ಲ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ಓಡಿ, ಎರಡರ ಸರಾಸರಿ ಹಳೆಯದನ್ನು ಮೀರಬೇಕು. ಅಲ್ಲಿಯವರೆಗೆ ಬೈಕನ್ನು ಹಗ್ಗ ಕಟ್ಟಿದ ಈ ಆವರಣದಲ್ಲಿ ಬಿಟ್ಟು ಹೋಗಬೇಕು, ಯಾರೂ ಅದರ ಮೇಲೆ ಕೈಚಳಕ ತೋರಿಸಬಾರದೆಂದು. ಹಾಗೆ ಬೈಕಿಗೆ ಕಾವಲಿತ್ತು. ಸವಾರನ ಸೂಟಿಗೆ ಯಾವ ಕಾವಲೂ ಇರಲಿಲ್ಲ. ಅದು ಅವನ ಜೊತೆಗೇ ಮೋಟೆಲಿಗೆ ಹೋಗಿ ಮರಳಿ ಬರುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ವರ್ಲಿನ್‌ಗೆ ಮುಟ್ಟಿಕೊಳ್ಳಲೂ ಧೈರ್ಯವಿರಲಿಲ್ಲ, ಯಾಕೆಂದರೆ ಕುಂಬಳಕಾಯಿ ಇನ್ನೂ ಬೆನ್ನ ಮೇಲೇ ಇತ್ತು.

ಇನ್ನೂರು ಮೈಲಿಯ ವೇಗದಲ್ಲಿ ಎಂಜಿನ್ನಿನ ತಾಕತ್ತೆಲ್ಲ ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಗಾಳಿ ಎದುರಿನಿಂದ ತಡೆಯುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಹೆಚ್ಚಿನ ಕಾಟ ಹಿಂದಿನಿಂದ. ಟ್ಯಾಂಕಿಗೆ ಗದ್ದ ಒತ್ತಿ ಮಲಗಿದ ಸವಾರನ ಹೆಲ್ಮೆಟ್ಟಿಗೂ ಬೆನ್ನಿಗೂ ನಡುವೆ ಒಂದು ಹಳ್ಳ ಬೀಳುತ್ತದೆ. ಹೆಲ್ಮೆಟ್ ದಾಟಿದ ಗಾಳಿ ಆ ಹಳ್ಳದಲ್ಲಿ ಬಿದ್ದು ಸುಳಿ ಸುತ್ತಿ, ಸೆರಗು ಹಿಡಿದ ಮಗುವಿನ ಹಾಗೆ ಅವನನ್ನು ಹಿಂದಕ್ಕೆ ಜಗ್ಗುತ್ತದೆ. ಹಳ್ಳ ತುಂಬಿಬಿಟ್ಟರೆ ಗಾಳಿ ಸುಮ್ಮನೆ ಜಾರಿಹೋಗುತ್ತದೆ. ಅದಕ್ಕೇ ರೇಸಿನ ಸೂಟುಗಳಿಗೆ ಬೆನ್ನ ಮೇಲೆ ಗೂನು ಹೊಲಿದಿರುತ್ತಾರೆ. ಆದರೆ ಈ ವರ್ಗದಲ್ಲಿ ಗೂನು ನಿಷಿದ್ಧ. ಬೈಕಿನ ಮುಂದಿನ ಹೊದಿಕೆ ಎಷ್ಟು ಬೇಕಾದರೂ ತಿದ್ದಿಕೊಳ್ಳಬಹುದು, ಸವಾರನ ಬೆನ್ನು ಮಾತ್ರ ದೇವರು ಕೊಟ್ಟ ಹಾಗೇ ಇರಬೇಕು. ಎಲೋಯ್ ತನ್ನ ದಾಖಲೆ ಮಾಡಿದ್ದು ಹಾಗೇ.

ವರ್ಲಿನ್ ಹುಟ್ಟಾ ಮೋಸಗಾರನಲ್ಲ. ಟ್ರ್ಯಾಕ್ಟರ್ ರಿಪೇರಿಗೆ ತಂದ ರೈತರಿಗೆ, ಹಳೇ ಬೇರಿಂಗೇ ಇನ್ನೊಂದು ಹಂಗಾಮು ಬರುತ್ತೆ ಹೋಗಿ ಎಂದು ಹೇಳಿ ಕಳಿಸುವವನು. ಆದರೆ ಮೂರು ಆಗಸ್ಟುಗಳು ಅವನು ಇನ್ನೂರ ಎರಡರಲ್ಲೇ ಸಿಕ್ಕಿಹಾಕಿಕೊಂಡಿದ್ದ. ಎಂಜಿನ್ ಬಿಚ್ಚಿ ಕಟ್ಟಿದ್ದಾಯಿತು, ಕನ್ನಡಿ ಕಿತ್ತದ್ದಾಯಿತು, ಸಂದುಗಳಿಗೆಲ್ಲ ಟೇಪು ಅಂಟಿಸಿದ್ದಾಯಿತು. ಕಳೆದ ಚಳಿಗಾಲ ರಟ್ಟಿನಲ್ಲಿ ಒಂದು ಆಕಾರ ಕತ್ತರಿಸಿ, ಫೋಮಿನ ತುಂಡಿನೊಂದಿಗೆ ಹೆಂಡತಿ ನೆಡ್ರಾಳ ಮುಂದಿಟ್ಟು, "ಬೆನ್ನು ನೋವು ಕಣೆ. ಸೂಟಿನೊಳಗೆ ಇಟ್ಕೊಳ್ಳೋಕೆ ಒಂದು ದಿಂಬು ಹೊಲಿದುಕೊಡ್ತೀಯಾ?" ಎಂದು ಕೇಳಿದ್ದ. ನೆಡ್ರಾ ಕೌದಿ ಹೊಲಿಯುವವಳು. ಅವಳ ಕೌದಿಗಳು ಜಿಲ್ಲೆಯ ಪ್ರದರ್ಶನದಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ ಗೆದ್ದಿದ್ದವು. ಉಳಿದ ಬಟ್ಟೆಚೂರುಗಳನ್ನೇ ಜೋಡಿಸಿ, ಒಂದು ಕಡೆ ದಪ್ಪ, ಇನ್ನೊಂದು ಕಡೆಗೆ ಸಣ್ಣಗಾಗುತ್ತ ಹೋಗುವ ದಿಂಬನ್ನು ಹೊಲಿದಳು. ಅಂಚಿಗೆ ಪುಟ್ಟ ಪುಟ್ಟ ಎಲೆಗಳನ್ನೂ ಕಸೂತಿ ಹಾಕಿದಳು. ಬೆನ್ನು ನೋವಿಗೆ ಯಾಕೆ ಈ ಆಕಾರ ಎಂದು ಅವಳು ಕೇಳಲಿಲ್ಲ. ಗಂಡ ನೋವು ಎಂದ, ಅಷ್ಟು ಸಾಕಿತ್ತು.

ಆವರಣದ ಹಗ್ಗ ಎತ್ತಿ ನುಸುಳಿ ಈಗ ಅವಳೇ ಬಂದಳು, ಜೊತೆಗೆ ಎಲೋಯ್. ಎಲೋಯ್ ಆಲ್ಬಕರ್ಕಿಯವನು, ಅರವತ್ತು ದಾಟಿದ್ದ. ಐದು ವರ್ಷದ ಹಿಂದೆ ಇದೇ ಉಪ್ಪಿನ ಮೇಲೆ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಮೇಲೆ ಬೈಕು ಹತ್ತಿರಲಿಲ್ಲ. ಆದರೂ ಪ್ರತಿ ಆಗಸ್ಟ್ ಬರುತ್ತಿದ್ದ, ಹಸಿರು ಮೆಣಸಿನಕಾಯಿಯ ಸಾರು ಕುದಿಸಿ ಸಿಕ್ಕವರಿಗೆಲ್ಲ ಬಡಿಸುತ್ತಿದ್ದ. ಉಪ್ಪಿನ ತೇವ ಬೂಟಿನ ತುದಿಯಿಂದ ಒತ್ತಿ ನೋಡುವುದನ್ನು ವರ್ಲಿನ್‌ಗೆ ಕಲಿಸಿದವನೂ ಅವನೇ. ಅಂದು ಬೆಳಿಗ್ಗೆ ವರ್ಲಿನ್‌ನ ಹಿಂಚಕ್ರದ ಸ್ಪ್ರಾಕೆಟ್, ಚೈನು ಸುತ್ತುವ ಹಲ್ಲುಗಾಲಿ, ಹೊಂದುತ್ತಿಲ್ಲವೆಂದು ತಿಳಿದಾಗ, ತನ್ನ ಪೆಟ್ಟಿಗೆಯಿಂದ ಹುಡುಕಿ ಸರಿಯಾದದ್ದನ್ನು ಕೊಟ್ಟಿದ್ದ. ತನ್ನ ದಾಖಲೆ ಮುರಿಯಲು ಬಂದವನಿಗೂ ಸಾಮಾನು ಕೊಡುವುದು ಈ ಬಯಲಿನ ರೂಢಿ. ಕೊಡದವನ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ.

"ಎದ್ದೇಳೋ ಕಳ್ಳ!" ಎಂದ ಎಲೋಯ್ ನಗುತ್ತ. ವರ್ಲಿನ್ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕುಳಿತ. "ಹನ್ನೊಂದು ವರ್ಷ ಕಾಪಾಡಿದ್ದನ್ನ ಹೊತ್ಕೊಂಡು ಹೋಗೋಕೆ ಬಂದಿದೀಯ. ಅದೂ ನನ್ನ ಸ್ಪ್ರಾಕೆಟ್ ಹಾಕ್ಕೊಂಡೇ! ತಗೋ, ಬಿಯರ್ ಕುಡಿ."

"ನಾಳೆ ಓಡಿದ್ಮೇಲೆ ತಾನೇ," ಎಂದ ವರ್ಲಿನ್, ನೆಲ ನೋಡುತ್ತ.

"ನಾಳೆ ಏನು, ಆಗೇ ಹೋಯ್ತು. ಖುಷಿಯಾಯ್ತು ಕಣೋ, ನಿಜವಾಗ್ಲೂ. ಯಾವನೋ ದುಡ್ಡಿನ ಹುಡುಗ ಬಂದು ಮುರಿಯೋದಕ್ಕಿಂತ ನೀನು ಮುರಿದ್ರೆ ವಾಸಿ." ಎಲೋಯ್ ಸೊಂಟಕ್ಕೆ ಕೈ ಕೊಟ್ಟು, ಮುಖ ಕಿವುಚಿ, ಐಸ್ ಪೆಟ್ಟಿಗೆಯ ಮೇಲೆ ಕುಳಿತ.

ನೆಡ್ರಾ ಅದನ್ನು ನೋಡಿದಳು. ಬೇರೆಯವರ ನೋವು ಕಂಡರೆ ಸುಮ್ಮನಿರುವ ಜಾತಿಯಲ್ಲ ಅವಳು. "ಅಯ್ಯೋ, ನಿಂಗಿನ್ನೂ ಬೆನ್ನು ನೋವು ಹೋಗಿಲ್ವಾ? ವರ್ಲಿನ್‌ಗೂ ಹಾಗೇ ಇತ್ತು. ನಾನೊಂದು ದಿಂಬು ಹೊಲಿದುಕೊಟ್ಟೆ ನೋಡು, ಅದನ್ನಿಟ್ಕೊಂಡು ಓಡಿಸ್ದಾಗಿಂದ ಒಂದಿನಾನೂ ನೋವು ಅಂದಿಲ್ಲ. ತೋರಿಸ್ತೀನಿ ಇರು."

"ಆಮೇಲೆ ತೋರಿಸಿದ್ರಾಯ್ತು," ಎಂದ ವರ್ಲಿನ್. ಅವನ ಧ್ವನಿ ಅವನಿಗೇ ಬೇರೆಯವರದೆನಿಸಿತು.

"ನಾಚ್ಕೊತಾನೆ ನೋಡು," ಎಂದು ನಗುತ್ತ ಅವಳು ಜಿಪ್ಪು ಎಳೆದೇಬಿಟ್ಟಳು. ಕತ್ತಿನ ಹಿಂದಿನಿಂದ ಕೈ ತೂರಿಸಿ ದಿಂಬನ್ನು ಹೊರಗೆಳೆದು, ಬೆವರಿನಿಂದ ಒದ್ದೆಯಾಗಿದ್ದ ಅದನ್ನು ಸ್ಕರ್ಟಿಗೆ ಒರೆಸಿ ಎಲೋಯ್‌ನ ಕೈಗಿಟ್ಟಳು. ಬರ್ನೀಸ್ ಬೈಕಿನ ಆ ಬದಿಯಲ್ಲಿ ಕಾಗದಕ್ಕೆ ಸಹಿ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ.

ಎಲೋಯ್ ನಗುನಗುತ್ತಲೇ ದಿಂಬನ್ನು ತೆಗೆದುಕೊಂಡ. ದಪ್ಪನೆಯ ತುದಿಯಿಂದ ತೆಳುವಾದ ತುದಿಯವರೆಗೆ ಹೆಬ್ಬೆರಳು ಜಾರಿಸಿದ. ಇನ್ನೊಮ್ಮೆ ಜಾರಿಸಿದ. ಆ ಬಾಗನ್ನು ಈ ಬಯಲಿನಲ್ಲಿ ಯಾರಿಗೂ ವಿವರಿಸಿ ಹೇಳಬೇಕಿರಲಿಲ್ಲ. ನಗು ಮುಖದ ಮೇಲೇ ಇತ್ತು, ಆದರೆ ಅದರ ಒಳಗಿದ್ದ ಮನುಷ್ಯ ಎದ್ದುಹೋಗಿದ್ದ.

"ಹೊಲಿಗೆ ಚೆನ್ನಾಗಿದೆ ನೆಡ್ರಾ," ಎಂದ. "ಈ ಎಲೆಗಳಂತೂ ತುಂಬ ಚೆನ್ನಾಗಿವೆ."

"ನಿಂಗೂ ಒಂದು ಹೊಲಿದುಕೊಡ್ತೀನಿ. ನಾಳೆ ಅಳತೆ ತಗೋತೀನಿ."

"ಯಾಕೆ ತೊಂದ್ರೆ?"

"ತೊಂದ್ರೆ ಏನು ಬಂತು!"

ಎಲೋಯ್ ಎದ್ದು, ಬಿಯರ್ ಕ್ಯಾನನ್ನು ತೆರೆಯದೆ ಹಾಗೇ ಬಿಟ್ಟು, ಹಗ್ಗದಾಚೆ ನಡೆದ. ಸ್ವಲ್ಪ ಹೊತ್ತಿಗೆ ವರ್ಲಿನ್ ಎದ್ದು ಅವನ ಹಿಂದೆ ಹೋದ. ಟ್ರಕ್ಕುಗಳ ಸಾಲು ಮುಗಿದು ಬರೀ ಉಪ್ಪು ಶುರುವಾಗುವ ಕಡೆ ಎಲೋಯ್ ಬೆನ್ನು ತಿರುಗಿಸಿ ನಿಂತಿದ್ದ.

"ಬೆನ್ನು ನೋವು ಯಾವಾಗಿಂದ ನಿಂಗೆ?" ಎಂದು ಕೇಳಿದ.

ವರ್ಲಿನ್ ಬೂಟಿನ ತುದಿಯಿಂದ ಉಪ್ಪನ್ನು ಒತ್ತಿದ.

"ಹೆಲ್ಮೆಟ್ ಹಿಂದೆ ಶುರುವಾಗಿ ಸೊಂಟದ ಹತ್ರ ಮುಗಿಯೋ ನೋವು. ಒಳ್ಳೇ ನುಣುಪಾದ ನೋವು ಬಂದಿದೆ ಬಿಡು ನಿಂಗೆ."

"ಎಲೋಯ್..."

"ನಂದು ಮುರಿದಾಗ ಎಂಥ ನೋವು ಅಂತ ನೋಡಿದೀಯಲ್ಲೋ. ಆಸ್ಪತ್ರೇಲಿ ನನ್ನ ಪಕ್ಕದಲ್ಲೇ ನೀನು ಕೂತಿದ್ದೆ. ಅದನ್ನೇ ಕಲಿತ್ಕೊಂಡೆಯಾ?"

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ವರ್ಲಿನ್‌ಗೆ. ಆದರೆ ಈ ನೆಲ ಹಲಗೆಯಂತೆ ಗಟ್ಟಿ, ಬಾಯಿಬಿಡುವ ನೆಲವಲ್ಲ. "ಬರ್ನೀಸ್‌ಗೆ ಹೇಳ್ತೀಯಾ?" ಎಂದು ಕೇಳಿದ. ಕೇಳಿದ ಮೇಲೆ, ಇದಕ್ಕಿಂತ ಹೀನವಾದ ಪ್ರಶ್ನೆ ಇನ್ನೊಂದಿರಲಾರದು ಎಂದೂ ಅನಿಸಿತು.

"ಹೇಳಿದ್ರೆ ಅವಳು ಮೊದಲು ಕೇಳೋದು ಹೊಲಿದೋರು ಯಾರು ಅಂತ." ಎಲೋಯ್ ತಿರುಗಿದ. ಕಣ್ಣುಗಳು ಕೆಂಪಾಗಿದ್ದವು, ಉಪ್ಪಿನ ಗಾಳಿಗೋ ಏನೋ. "ನೆಡ್ರಾ ಇಡೀ ಕ್ಲಬ್ಬಿನ ಎದುರು ತಲೆ ತಗ್ಗಿಸಿ ನಿಲ್ಲೋದನ್ನ ನಾನು ನೋಡಲಾರೆ. ಅವಳಿಗೆ ನೀನೇ ಹೇಳು. ಬೆಳಿಗ್ಗೆ ಅದನ್ನ ತೆಗೆದಿಟ್ಟು ಓಡು. ಗೆದ್ರೆ ನಾನೇ ಬಂದು ಕೈ ಕುಲುಕ್ತೀನಿ. ಸೋತ್ರೂ ಬಂದು ಕುಲುಕ್ತೀನಿ."

ಸಂಜೆ ಪಕ್ಕದ ಊರು ವೆಂಡೋವರ್‌ನ ಕ್ಯಾಸಿನೊದಲ್ಲಿ ಊಟಕ್ಕೆ ಕುಳಿತಾಗ ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಪಕ್ಕದ ಮೇಜಿನವರು ಎದ್ದು ಬಂದು ಬೆನ್ನು ತಟ್ಟಿದರು. ಒಬ್ಬೊಬ್ಬರ ಅಂಗೈ ಬಿದ್ದಾಗಲೂ ಅವನು ಕುಗ್ಗಿದ. "ಬಿಸಿಲಿಗೆ ಸುಟ್ಟಿದೆ ಪಾಪ, ಮೆಲ್ಲಗೆ," ಎಂದು ನೆಡ್ರಾ ಎಲ್ಲರಿಗೂ ಹೇಳುತ್ತಿದ್ದಳು. ಮೋಟೆಲಿನಲ್ಲಿ ಹೇಳಬೇಕೆಂದುಕೊಂಡ. ಅವಳು ಬಾಯ್ಸಿ ನಗರದಲ್ಲಿದ್ದ ತಂಗಿಗೆ ಫೋನು ಮಾಡಿ, "ನಮ್ಮವನು ಮೂರು ವರ್ಷದಿಂದ ಒಂದೇ ಸಮ ಒದ್ದಾಡಿದ್ದ ಕಣೆ, ದೇವರು ಕಣ್ಣುಬಿಟ್ಟ," ಎನ್ನುತ್ತಿದ್ದಳು. ವರ್ಲಿನ್ ಬಚ್ಚಲಿನ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿ ಕುಳಿತ. ಹೊರಬರುವ ಹೊತ್ತಿಗೆ ಅವಳು ದಿಂಬನ್ನು ಒಗೆದು, ಮೋಟೆಲಿನ ಹೇರ್ ಡ್ರೈಯರ್ ಹಿಡಿದು ಒಣಗಿಸುತ್ತಿದ್ದಳು. ಒಂದು ಕಡೆ ಹೊಲಿಗೆ ಬಿಟ್ಟಿತ್ತಂತೆ, ಅದನ್ನೂ ಹಾಕಿದ್ದಳು.

"ನಾಳೆ ಇದು ಬೇಡ ಕಣೆ," ಎಂದ.

"ಯಾಕೆ, ಒತ್ತುತ್ತಾ?"

"ಒತ್ತಲ್ಲ."

"ಮತ್ತೆ?"

ಅವಳ ಮುಖದಲ್ಲಿದ್ದದ್ದು ಅನುಮಾನವಲ್ಲ, ತನ್ನ ಹೊಲಿಗೆಯಲ್ಲೇ ಏನೋ ಕುಂದಿರಬೇಕೆಂಬ ಆತಂಕ. ಅದನ್ನು ನೋಡಿ ಅವನು, "ಏನಿಲ್ಲ ಬಿಡು," ಎಂದು ದೀಪ ಆರಿಸಿದ.

ಬೆಳಿಗ್ಗೆ ದಾಖಲೆಯ ಓಟದ ಸಾಲಿನಲ್ಲಿ ಅವನ ಮುಂದೆ ಕೆಲವೇ ಬೈಕುಗಳಿದ್ದವು. ಬಯಲು ಇನ್ನೂ ತಣ್ಣಗಿತ್ತು, ಕಪ್ಪು ಗೆರೆ ಎಳೆದ ದಾರಿ ಬೆಟ್ಟಗಳ ಬುಡದವರೆಗೂ ನೆಟ್ಟಗೆ ಹೋಗಿತ್ತು. ವರ್ಲಿನ್ ದಿಂಬನ್ನು ಟ್ರಕ್ಕಿನ ಸೀಟಿನ ಹಿಂದೆ ತುರುಕಿ ಬಂದಿದ್ದ. ಸೂಟು ಸಡಿಲವಾಗಿ, ಹಗುರವಾಗಿ ಇತ್ತು. ಇದ್ದದ್ದು ಇದ್ದ ಹಾಗೆ ಓಡಿ ಸೋತರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ, ಯಾರಿಗೂ ಏನೂ ಹೇಳಬೇಕಾಗುವುದಿಲ್ಲ ಎಂದು ಅವನು ಲೆಕ್ಕ ಹಾಕಿದ್ದ. ಹೇಡಿಗಳ ಲೆಕ್ಕ ಯಾವಾಗಲೂ ಹೀಗೇ ಚೊಕ್ಕವಾಗಿರುತ್ತದೆ.

"ಮರೆತೇ ಬಂದಿದೀಯಲ್ಲೋ!" ಎಂದು ಕೂಗುತ್ತ ನೆಡ್ರಾ ಓಡಿ ಬಂದಳು. ಕೈಯಲ್ಲಿ ದಿಂಬು. ಉಪ್ಪಿನ ಮೇಲೆ ಓಡಿ ಅವಳಿಗೆ ಏದುಸಿರು ಬಂದಿತ್ತು. ಟ್ರಕ್ಕಿನ ಮರೆಯಲ್ಲಿ ಅವನನ್ನು ನಿಲ್ಲಿಸಿ ಜಿಪ್ಪು ಇಳಿಸಿದಳು. "ನೋವು ಇಟ್ಕೊಂಡು ಓಡ್ಸಿ, ಅಲ್ಲೆಲ್ಲಾದ್ರೂ ಬೆನ್ನು ಹಿಡ್ಕೊಂಡ್ರೆ? ಎಲೋಯ್ ಬಿದ್ದದ್ದು ನಾನು ನೋಡಿದೀನಿ. ಎಲ್ಲಿ, ಬಾಗು."

ಅವನು ಬಾಗಿದ. ಈಗ ಹೇಳು, ಈಗ, ಎಂದು ಒಳಗಿನಿಂದ ಯಾರೋ ಗುದ್ದುತ್ತಿದ್ದರು. ಅವಳ ತಣ್ಣನೆಯ ಬೆರಳುಗಳು ಕತ್ತಿನ ಹಿಂದೆ ಇಳಿದು, ದಿಂಬನ್ನು ತೂರಿಸಿ, ಅತ್ತಿತ್ತ ಸರಿಪಡಿಸಿದವು. ವರ್ಲಿನ್ ಬಾಯಿ ತೆರೆದ.

"ಇನ್ನೂ ಸ್ವಲ್ಪ ಮೇಲಕ್ಕೆ," ಎಂದ.

ಅವಳು ಮೇಲಕ್ಕೆ ಸರಿಸಿದಳು. ಹೆಲ್ಮೆಟ್ಟಿನ ಅಂಚಿಗೆ ಸರಿಯಾಗಿ ತಾಗುವ ಹಾಗೆ.

ಓಟದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮೊದಲ ಮೈಲಿಗಳಲ್ಲಿ ಹಿಂಚಕ್ರ ಉಪ್ಪಿನ ಮೇಲೆ ತುಸು ಜಾರಿತು, ಆಮೇಲೆ ಹಿಡಿತ ಸಿಕ್ಕಿತು. ಅವನು ಗದ್ದವನ್ನು ಟ್ಯಾಂಕಿಗೆ ಒತ್ತಿದ, ಮೊಣಕೈಗಳನ್ನು ಮಂಡಿಗಳ ಒಳಬದಿಗೆ ಸೇರಿಸಿದ, ಉಸಿರು ಹಿಡಿದ. ಮೂರು ವರ್ಷ ಇದೇ ಜಾಗದಲ್ಲಿ ಗಾಳಿ ಕತ್ತಿನ ಹಿಂದೆ ಮುಷ್ಟಿ ಕಟ್ಟಿ ಗುದ್ದುತ್ತಿತ್ತು. ಈಗ ಏನೂ ಇಲ್ಲ. ಗಾಳಿ ಹೆಲ್ಮೆಟ್ ಹತ್ತಿ, ನೆಡ್ರಾಳ ಹೊಲಿಗೆಯ ಮೇಲೆ ಹಾದು, ಸದ್ದಿಲ್ಲದೆ ಹಿಂದೆ ಇಳಿದುಹೋಗುತ್ತಿತ್ತು. ವೇಗ ಅಳೆಯುವ ಮೈಲಿಯ ಬಾವುಟಗಳು ಕಂಡವು. ಇಲ್ಲಿ ಗದ್ದವನ್ನು ಒಂದು ಗೇಣು ಎತ್ತಿದರೂ ಸಾಕು, ಗಾಳಿ ಎದೆಗೆ ಬಡಿದು ಉಳಿದದ್ದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ, ದಾಖಲೆ ಎಲೋಯ್‌ನ ಹತ್ತಿರವೇ ಉಳಿಯುತ್ತದೆ, ನೆಡ್ರಾಗೂ ಗೊತ್ತಾಗುವುದಿಲ್ಲ. ಇದು ಅವನಿಗೆ ಸ್ಪಷ್ಟವಾಗಿ ಹೊಳೆಯಿತು. ಎತ್ತಲು ಸಮಯವೂ ಇತ್ತು.

ಅವನು ಎತ್ತಲಿಲ್ಲ.

ಹಗ್ಗದ ಆವರಣಕ್ಕೆ ಮರಳುವ ಹೊತ್ತಿಗೆ ರೇಡಿಯೋ ಹೊಸ ದಾಖಲೆಯನ್ನು ಹೇಳಿಯಾಗಿತ್ತು. ಬರ್ನೀಸ್ ಎಂಜಿನ್ ಬಿಚ್ಚಿಸಿ ಅಳೆದು, ಎಲ್ಲ ನಿಯಮದ ಪ್ರಕಾರವೇ ಇದೆ ಎಂದು ಹೆಬ್ಬೆರಳು ಎತ್ತಿ ತೋರಿಸಿದಳು. ಜನ ಮುತ್ತಿಕೊಂಡರು. ಯಾರೋ ಅವನ ತಲೆಯ ಮೇಲೆ ಐಸ್ ನೀರು ಸುರಿದರು. ನೆಡ್ರಾ ಎರಡೂ ಕೈಯಲ್ಲಿ ಅವನ ಮುಖ ಹಿಡಿದು ಅತ್ತಳು, ನಕ್ಕಳು, ಮತ್ತೆ ಅತ್ತಳು. ಅವನೂ ನಕ್ಕ. ತನ್ನ ನಗು ಹೊರಗಿನಿಂದ ಹೇಗೆ ಕಾಣುತ್ತಿದೆಯೋ ಎಂದು ಯೋಚಿಸುತ್ತಲೇ ನಕ್ಕ.

ಜನ ಚದುರಿದ ಮೇಲೆ ಎಲೋಯ್ ಬಂದ. ದಾಖಲೆ ಕಳೆದುಕೊಂಡವನು ಬಂದು ಕೈ ಕುಲುಕದಿದ್ದರೆ ಇಲ್ಲಿ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ. ಅಷ್ಟು ದೂರದಿಂದಲೇ ಅವನ ಕಣ್ಣು ವರ್ಲಿನ್‌ನ ಬೆನ್ನಿನ ಮೇಲಿತ್ತು. ಹತ್ತಿರ ಬಂದು, ಕೈ ಚಾಚದೆ, ಮೆಲ್ಲಗೆ ಕೇಳಿದ.

"ಹೇಳಿದ್ಯಾ?"

ಎಲೋಯ್ ಕಾದ. ಏನಾದರೊಂದು ಮಾತು ಬರಬಹುದೆಂದು ಅವನು ನಿಜವಾಗಿಯೂ ಕಾಯುತ್ತಿದ್ದ. ವರ್ಲಿನ್‌ಗೆ ಅದೇ ಸಹಿಸಲಾಗಲಿಲ್ಲ.

"ಬಂದ್ಯಾ? ನಿನ್ನೇ ಕಾಯ್ತಿದ್ದೆ," ಎನ್ನುತ್ತ ನೆಡ್ರಾ ಟ್ರಕ್ಕಿನಿಂದ ಇಳಿದು ಬಂದಳು. ಹೊಲಿಗೆಯ ಚೀಲದಿಂದ ಅಳತೆಯ ಟೇಪು ಎಳೆದು ಕೊರಳಿಗೆ ಹಾಕಿಕೊಂಡಿದ್ದಳು. "ಊರಿಗೆ ಹೋಗ್ತಿದ್ದ ಹಾಗೇ ಹೊಲಿದು ಪೋಸ್ಟಲ್ಲಿ ಕಳಿಸ್ತೀನಿ. ನಿಂಗೆ ಯಾವ ಬಣ್ಣ ಇಷ್ಟ? ನೀಲಿ ಚೂರುಗಳು ತುಂಬ ಇವೆ."

"ಬೇಡ ನೆಡ್ರಾ," ಎಂದ ಎಲೋಯ್.

"ಬೇಡ ಅಂದ್ರೆ ಬಿಡೋಳಲ್ಲ ನಾನು. ನಿನ್ನ ಸ್ಪ್ರಾಕೆಟ್ ಇಲ್ದಿದ್ರೆ ಇವತ್ತು ಇವನೆಲ್ಲಿ ಗೆಲ್ತಿದ್ದ? ಇಷ್ಟಾದ್ರೂ ಮಾಡೋಕೆ ಬಿಡು." ಅವಳ ಮುಖ ಬಿಸಿಲಿಗೂ ಸಂತೋಷಕ್ಕೂ ಕೆಂಪಾಗಿತ್ತು. "ಯಾಕೆ, ನನ್ನ ಹೊಲಿಗೆ ಸೇರ್ಲಿಲ್ವಾ?"

ಎಲೋಯ್ ವರ್ಲಿನ್‌ನನ್ನು ನೋಡಿದ. ಒಂದೇ ಒಂದು ಮಾತು ಸಾಕಿತ್ತು, ಯಾರ ಬಾಯಿಂದಾದರೂ. ವರ್ಲಿನ್ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ನೆಟ್ಟಗೆ ಮಾಡುತ್ತಿದ್ದ.

"ನಿನ್ನ ಹೊಲಿಗೆಗೆ ಏನಾಗಿದೆ," ಎಂದ ಎಲೋಯ್ ಕಡೆಗೆ. "ನೀಲಿನೇ ಹಾಕು." ಟೋಪಿ ತೆಗೆದು ಬೈಕಿನ ಸೀಟಿನ ಮೇಲಿಟ್ಟು, ಅವಳಿಗೆ ಬೆನ್ನು ಮಾಡಿ ನಿಂತ. ಕೈಗಳನ್ನು ಮೇಲೆತ್ತಿದ, ಎತ್ತುವಾಗ ನೋವಿಗೆ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು.

"ವರ್ಲಿನ್, ಸುಮ್ನೆ ನಿಂತಿದೀಯಲ್ಲ, ಬಾ ಇಲ್ಲಿ. ಈ ತುದಿ ಹಿಡ್ಕೋ. ಕತ್ತಿನ ಹತ್ರ, ಆ ಮೂಳೆ ಮೇಲೆ."

ವರ್ಲಿನ್ ಹೋಗಿ ಟೇಪಿನ ತುದಿ ಹಿಡಿದ. ಎಲೋಯ್‌ನ ಕತ್ತು ಬಿಸಿಲಿಗೆ ಬಿರಿದು, ಸುಕ್ಕುಗಳ ಸಂದಿಯಲ್ಲಿ ಉಪ್ಪು ಕೂತಿತ್ತು. ಅಂಗಿಯ ಕಾಲರಿನ ಕೆಳಗೆ, ಶಸ್ತ್ರಚಿಕಿತ್ಸೆಯ ಗಾಯದ ತುದಿ ಕಾಣುತ್ತಿತ್ತು. ನೆಡ್ರಾ ಟೇಪನ್ನು ಆ ಬೆನ್ನಿನ ಉದ್ದಕ್ಕೂ ಎಳೆದು, ಸೊಂಟದ ಬಳಿ ಮಂಡಿಯೂರಿ ಕುಳಿತಳು.

"ಅಲ್ಲಾಡಿಸ್ಬೇಡ್ವೋ, ಅಳತೆ ಸಿಗ್ತಿಲ್ಲ," ಎಂದಳು ಕೆಳಗಿನಿಂದ.

"ನಾನು ಅಲ್ಲಾಡ್ತಿಲ್ಲ ನೆಡ್ರಾ," ಎಂದ ಎಲೋಯ್, ಎತ್ತಿದ ಕೈ ಇಳಿಸದೆ.